ತೆರವಾದ ಸ್ಥಾನದಲ್ಲಿ ನಿಂತ ಶಿಕ್ಷಕ

ಶಾಶ್ವತವಾದ ಹುದ್ದೆಯೊಂದನ್ನು ನಿರೀಕ್ಷಿಸುತ್ತ, ಅದು ಕೈಗೂಡುವವರೆಗೆ ತೆರವಾದ ಸ್ಥಾನದಲ್ಲಿ ಅತಿಥಿ ಶಿಕ್ಷಕರಾಗಿ ಪಾಠ ಹೇಳುವ ಪದವೀಧರರು ಇಂದು ನಮ್ಮ ನಾಡಿನ ಸರ್ಕಾರಿ ಶಾಲೆಗಳಲ್ಲಿ ಸಹಸ್ರ ಸಹಸ್ರ ಸಂಖ್ಯೆಯಲ್ಲಿದ್ದಾರೆ. ಇವರ ವಿಷಯದಲ್ಲಿ ಸಾಮಾನ್ಯವಾಗಿ ಎರಡು ಮಾತು ಕೇಳಿಬರುತ್ತವೆ. ಇಷ್ಟು ಕಾಲ ದುಡಿದವರನ್ನು ಹಾಗೆಯೇ ಖಾಯಂಗೊಳಿಸಬೇಕೆಂಬುದು ಒಂದು. ನಿಬಂಧನೆಗಳನ್ನು ತಿಳಿದು ಒಪ್ಪಿಕೊಂಡು ಬಂದವರಿಗೆ ದೂರುವ ಅಧಿಕಾರವೆಲ್ಲಿಯದು ಎಂಬುದು ಇನ್ನೊಂದು. ಈ ಎರಡು ಮಾತುಗಳೂ ಶಿಕ್ಷಕನೊಬ್ಬನನ್ನೇ ಲಕ್ಷ್ಯದಲ್ಲಿಟ್ಟುಕೊಂಡಿವೆಯೇ ಹೊರತು ಆತನ ಮುಂದೆ ಕುಳಿತ ಮಗುವನ್ನು ನೋಡಿಲ್ಲ. ವಿಚಾರವು ಆ ಮಗುವಿನಿಂದಲೇ ಆರಂಭವಾಗತಕ್ಕದ್ದೆಂದು ನಾನು ನಂಬಿದ್ದೇನೆ.

ಬದಲಿ ಶಿಕ್ಷಕನನ್ನು ನೇಮಿಸಿಕೊಳ್ಳುವ ಪದ್ಧತಿಯೇ ಅನುಚಿತವೆಂದು ಯಾರೂ ಹೇಳಲಾರರು. ಹೆರಿಗೆಯ ರಜೆ, ದೀರ್ಘವ್ಯಾಧಿ, ಅಕಾಲಮರಣ ಮೊದಲಾದ ಕಾರಣಗಳಿಂದ ತರಗತಿಯೊಂದು ಗುರುವಿಲ್ಲದೆ ಉಳಿದಾಗ, ಯೋಗ್ಯನಾದವನೊಬ್ಬನನ್ನು ಕೂಡಲೇ ಕರೆತರುವುದು ಕರ್ತವ್ಯವೇ ಸರಿ. ಆದರೆ ನಿವೃತ್ತಿಯು ಇಂತಹ ಆಕಸ್ಮಿಕವಲ್ಲ. ನೌಕರನು ಸೇವೆಗೆ ಸೇರಿದ ದಿನವೇ ಆತನ ಜನ್ಮದಿನಾಂಕವು ಸೇವಾಪುಸ್ತಕದಲ್ಲಿ ದಾಖಲಾಗಿ, 60 ವರ್ಷ ತುಂಬಿ ಆತನು ಹೊರಡುವ ತಿಂಗಳು ಅಂದೇ ನಿಶ್ಚಿತವಾಗಿರುತ್ತದೆ. ದಶಕಗಳ ಮೊದಲೇ ತಿಳಿದಿದ್ದ ತೆರವನ್ನು ಅನಿರೀಕ್ಷಿತ ಸಂಕಟವೆಂಬಂತೆ ಪ್ರತಿ ಜೂನ್ ತಿಂಗಳಲ್ಲಿಯೂ ತಾತ್ಕಾಲಿಕ ನೇಮಕದಿಂದ ಮುಚ್ಚುವುದು ಆಡಳಿತದ ಅನಿವಾರ್ಯತೆಯಲ್ಲ, ಅಭ್ಯಾಸ. 2009ರ ಶಿಕ್ಷಣ ಹಕ್ಕು ಕಾಯಿದೆಯ 26ನೆಯ ಪ್ರಕರಣವು ಯಾವ ಶಾಲೆಯಲ್ಲಿಯೂ ಖಾಲಿ ಹುದ್ದೆಗಳು ಮಂಜೂರಾದ ಸಂಖ್ಯೆಯ ಶೇಕಡ 10ನ್ನು ಮೀರಕೂಡದೆಂದು ಸ್ಪಷ್ಟವಾಗಿ ವಿಧಿಸಿದೆ. ನಾಲ್ಕೈದು ಮಂದಿ ಶಿಕ್ಷಕರಿರಬೇಕಾದ ಗ್ರಾಮದ ಶಾಲೆಯಲ್ಲಿ ಒಂದು ಹುದ್ದೆ ಖಾಲಿ ಉಳಿದರೂ ಈ ಮಿತಿಯು ದಾಟಿಹೋಗುತ್ತದೆ.

ಇಂತಹ ತೆರವನ್ನು ತುಂಬುವ ಅತಿಥಿ ಶಿಕ್ಷಕನ ವರ್ಷವು ಹೇಗೆ ಸಾಗುವುದೆಂಬುದನ್ನು ಸ್ವಲ್ಪ ನಿಧಾನವಾಗಿ ನೋಡಬೇಕು. ಶಾಲೆ ತೆರೆದ ಬಳಿಕ ಆತನ ನೇಮಕವಾಗುತ್ತದೆ. ವರ್ಗಾವಣೆಯಲ್ಲಿ ಖಾಯಂ ಶಿಕ್ಷಕರೊಬ್ಬರು ಆ ಊರನ್ನು ಆರಿಸಿಕೊಂಡರೆ ವರ್ಷದ ನಡುವೆಯೇ ಆತನು ಹೊರಡಬೇಕಾಗುತ್ತದೆ. ಹೊರಡದೆ ಉಳಿದರೂ ಬೇಸಗೆಯ ರಜೆಯಲ್ಲಿ ಆದಾಯವಿಲ್ಲ. 2025-26ನೆಯ ಸಾಲಿನ ಆಯವ್ಯಯದಲ್ಲಿ 2,000 ರೂಪಾಯಿ ಹೆಚ್ಚಿಸಿದ ಮೇಲೆಯೂ ಪ್ರಾಥಮಿಕ ಶಾಲೆಯ ಅತಿಥಿ ಶಿಕ್ಷಕನಿಗೆ ತಿಂಗಳಿಗೆ ದೊರೆಯುವುದು 12,000 ರೂಪಾಯಿ. ಹಗಲು ಪಾಠ ಹೇಳಿ, ಸಂಜೆ ಮನೆಪಾಠ ಮಾಡಿ, ರಾತ್ರಿ ಟಿಇಟಿ ಎಂಬ ಅರ್ಹತಾ ಪರೀಕ್ಷೆಗೂ ಅನಂತರದ ಸಿಇಟಿ ಎಂಬ ಸ್ಪರ್ಧಾ ಪರೀಕ್ಷೆಗೂ ಓದುವ ಈತನು ಅಧಿಸೂಚನೆಯೊಂದು ಹೊರಡುವುದಕ್ಕಾಗಿ ವರ್ಷಗಟ್ಟಲೆ ಕಾಯುತ್ತಿರುವಾಗ ವಯೋಮಿತಿಯು ಮಾತ್ರ ಯಾರಿಗೂ ಕಾಯುವುದಿಲ್ಲ. ನೇಮಕವಾದೀತೆಂದು ಮದುವೆಯನ್ನು ಮುಂದೂಡಿದವರು, ಊರಿನ ಜಮೀನನ್ನು ಗುತ್ತಿಗೆಗೆ ಕೊಟ್ಟು ಬಂದವರು ಇವರಲ್ಲಿ ವಿರಳರಲ್ಲ.

ಇನ್ನು ಮಗುವಿನ ಕಡೆಗೆ ಬರೋಣ. 1995ರಲ್ಲಿ ಹೆಗ್ಗಡದೇವನಕೋಟೆ ತಾಲ್ಲೂಕಿನಲ್ಲಿ ಮೊದಲಾಗಿ ನಾಡಿಗೆಲ್ಲ ಹರಡಿದ ನಲಿ-ಕಲಿ ಪದ್ಧತಿಯಲ್ಲಿ ಪ್ರತಿಯೊಂದು ಮಗುವೂ ತನ್ನದೇ ವೇಗದಲ್ಲಿ ಕಲಿಕೆಯ ಏಣಿಯನ್ನು ಏರುತ್ತದೆ. ಯಾವ ಮಗು ಯಾವ ಮೆಟ್ಟಿಲಲ್ಲಿ ನಿಂತಿದೆ, ಅಲ್ಲಿ ಏಕೆ ತಡೆದಿದೆ, ಮನೆಯಲ್ಲಿ ಯಾವ ಭಾಷೆಯನ್ನಾಡುತ್ತದೆ ಎಂಬುದನ್ನು ಬಲ್ಲವನೇ ಅಲ್ಲಿ ಗುರು. ಈ ತಿಳಿವಳಿಕೆಯು ಯಾವ ಪ್ರಗತಿನೋಟದ ಪುಟದಲ್ಲಿಯೂ ಪೂರ್ಣವಾಗಿ ಬರೆದಿಡಲಾಗದ್ದು. ತಿಂಗಳುಗಳ ಸಹವಾಸದಿಂದ ಶಿಕ್ಷಕನ ಮನಸ್ಸಿನಲ್ಲಿ ಸಂಚಿತವಾಗತಕ್ಕದ್ದು. ಆತನು ಹೊರಟಾಗ ಅದೂ ಆತನೊಡನೆ ಹೊರಟುಹೋಗುತ್ತದೆ. ಮುಂದೆ ಬಂದವನು ಹೆಸರು ಕೇಳುವುದರಿಂದಲೇ ಮೊದಲುಗೊಳ್ಳಬೇಕು.

ಹಾಗಾದರೆ ತನ್ನ ನಾಳೆಯೇ ಅನಿಶ್ಚಿತವಾಗಿರುವವನು ಚೆನ್ನಾಗಿ ಕಲಿಸಲಾರನೇ? ಖಂಡಿತವಾಗಿಯೂ ಕಲಿಸಬಲ್ಲನು, ಅನೇಕ ಗ್ರಾಮಗಳಲ್ಲಿ ಮಕ್ಕಳಿಗೆ ಓದುಬರಹ ಒದಗಿರುವುದು ಇವರ ನಿಷ್ಠೆಯಿಂದಲೇ. ಆದರೆ ಅದು ವ್ಯಕ್ತಿಯ ಸದ್ಗುಣ, ವ್ಯವಸ್ಥೆಯ ಸಾಧನೆಯಲ್ಲ. ಒಬ್ಬನ ಸದ್ಗುಣವನ್ನು ವರ್ಷವರ್ಷವೂ ಆಯವ್ಯಯದ ಉಳಿತಾಯವಾಗಿ ಬಳಸಿಕೊಳ್ಳುವ ಅಧಿಕಾರ ಯಾವ ಸರ್ಕಾರಕ್ಕೂ ಇಲ್ಲ.

ಖಾಯಂಗೊಳಿಸಬೇಕೆಂಬ ಬೇಡಿಕೆಯನ್ನು ಮಾತ್ರ ನಾನು ಪೂರ್ಣವಾಗಿ ಒಪ್ಪಲಾರೆ. ಕರ್ನಾಟಕ ಸರ್ಕಾರಕ್ಕೂ ಉಮಾದೇವಿಯವರಿಗೂ ನಡೆದ ವ್ಯಾಜ್ಯದಲ್ಲಿ 2006ರಲ್ಲಿ ಸುಪ್ರೀಂ ಕೋರ್ಟಿನ ಸಂವಿಧಾನ ಪೀಠವು, ಮುಕ್ತ ಸ್ಪರ್ಧೆಯಿಲ್ಲದೆ ಬಂದ ತಾತ್ಕಾಲಿಕ ನೌಕರರಿಗೆ ಕೇವಲ ಸೇವಾವಧಿಯ ಬಲದಿಂದ ಖಾಯಮಾತಿಯ ಹಕ್ಕು ದೊರೆಯದೆಂದು ತೀರ್ಮಾನಿಸಿತು. ಪರೀಕ್ಷೆಗೆ ಓದಿಕೊಂಡು ಕುಳಿತ, ಆದರೆ ಅತಿಥಿ ಶಿಕ್ಷಕನಾಗುವ ಅವಕಾಶವೂ ದೊರೆಯದ ಇನ್ನೊಬ್ಬ ಬಡ ಅಭ್ಯರ್ಥಿಯನ್ನು ನೆನೆದಾಗ ಈ ತತ್ತ್ವವು ನ್ಯಾಯವೆಂದೇ ತೋರುತ್ತದೆ. ಆದರೆ ಬಾಗಿಲು ಒಂದೇ ಎಂದು ವಿಧಿಸಿದ ಮೇಲೆ ಆ ಬಾಗಿಲನ್ನು ಕಾಲಕಾಲಕ್ಕೆ ತೆರೆಯಬೇಡವೇ? ಅದೇ ತೀರ್ಪಿನಲ್ಲಿ ನ್ಯಾಯಾಲಯವು ಮಂಜೂರಾದ ಹುದ್ದೆಗಳಿಗೆ ಕ್ರಮಬದ್ಧ ನೇಮಕ ನಡೆಯಬೇಕೆಂದೂ ಹೇಳಿತು. ಖಾಯಂ ನೌಕರನ ಕೆಲಸವನ್ನೇ ಮಾಡುವ ತಾತ್ಕಾಲಿಕ ನೌಕರನಿಗೆ ಆ ವೇತನಶ್ರೇಣಿಯ ಕನಿಷ್ಠ ಮೊತ್ತವಾದರೂ ಸಲ್ಲಬೇಕೆಂಬುದು ಪಂಜಾಬಿನ ಜಗಜೀತ್ ಸಿಂಗ್ ಪ್ರಕರಣದಲ್ಲಿ 2016ರಲ್ಲಿ ಬಂದ ತೀರ್ಪು. ಮೊದಲನೆಯ ತೀರ್ಪಿನ ನಿಷೇಧವನ್ನು ಹಿಡಿದುಕೊಂಡು ಉಳಿದುದನ್ನು ಮರೆಯುವುದು ಧರ್ಮವಲ್ಲ.

ಬರುವ ವರ್ಷ ಎಷ್ಟು ಮಂದಿ ನಿವೃತ್ತರಾಗುವರೆಂದು ಇಲಾಖೆ ಈ ವರ್ಷವೇ ಎಣಿಸಲಿ. ನೇಮಕಾತಿಯು ಪ್ರತಿವರ್ಷವೂ ನಿಯತವಾದ ತಿಂಗಳಲ್ಲಿ ನಡೆಯಲಿ. ಬೋಧನೆಯ ಅನುಭವಕ್ಕೆ ಅದರಲ್ಲಿ ಯುಕ್ತವಾದಷ್ಟು ಅಂಕ ಸಲ್ಲಲಿ. ಇದನ್ನು ಕೇಳುವ ಹೊಣೆಯನ್ನು ಅತಿಥಿ ಶಿಕ್ಷಕರೊಬ್ಬರ ಮೇಲೆಯೇ ಹಾಕಿ ನಾವು ಸುಮ್ಮನಿರಲಾಗದು. ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿಗಳಲ್ಲಿ ಕುಳಿತಿರುವ ತಂದೆತಾಯಿಗಳು ಮುಂದಿನ ಸಭೆಯಲ್ಲಿ ನಮ್ಮ ಶಾಲೆಗೆ ಮಂಜೂರಾದ ಹುದ್ದೆಗಳೆಷ್ಟು, ಖಾಲಿ ಇರುವುವೆಷ್ಟು, ಎಂದಿನಿಂದ ಖಾಲಿ ಇವೆ ಎಂದು ಕೇಳಿ, ಉತ್ತರವನ್ನು ನಡವಳಿಯಲ್ಲಿ ಬರೆಯಿಸಿ, ಕ್ಷೇತ್ರ ಶಿಕ್ಷಣಾಧಿಕಾರಿಯವರಿಗೆ ಕಳುಹಿಸಬೇಕೆಂದು ಪ್ರಾರ್ಥಿಸುತ್ತೇನೆ.