ದಾಸೋಹಕ್ಕೆ ಬರುವ ಹಣಕ್ಕೂ ಲೆಕ್ಕ ಬೇಕು



ಪಕ್ಷಗಳಿಗೆ ಹಣ ಎಲ್ಲಿಂದ ಬರುತ್ತದೆ ಎಂಬುದು ದೆಹಲಿ, ಬೆಂಗಳೂರಿನವರ ಚಿಂತೆ ಎಂದು ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿ, ಹರಪನಹಳ್ಳಿ ಸೀಮೆಯ ನಾವು ಸುಮ್ಮನಿರುವಂತಿಲ್ಲ. ಪಕ್ಕದ ಸಂಡೂರು ಗುಡ್ಡಗಳ ಅದಿರು ಲಾರಿ ಏರಿದ ವರ್ಷಗಳಲ್ಲಿ ರಾಜಕೀಯ ಹೇಗೆ ಬದಲಾಯಿತೆಂದು ಹತ್ತಿರದಿಂದ ಕಂಡವರು ನಾವು. ಆ ಹಣ ದಾನದ ರೂಪದಲ್ಲಿ ನಮ್ಮ ಮಠಗಳ ಬಾಗಿಲಿಗೂ ಬರುತ್ತದೆ. ಈ ಸಂಚಿಕೆಯಲ್ಲಿ ಅದನ್ನೇ ಚರ್ಚಿಸಬೇಕೆಂದಿದ್ದೇನೆ.

2011ರ ಜುಲೈ ಕೊನೆಯ ಐದು ದಿನಗಳನ್ನು ನೆನೆಯೋಣ. 27ರಂದು ಲೋಕಾಯುಕ್ತ ನ್ಯಾಯಮೂರ್ತಿ ಸಂತೋಷ್ ಹೆಗ್ಡೆಯವರು ಅಕ್ರಮ ಗಣಿಗಾರಿಕೆ ಕುರಿತ ವರದಿ ಸಲ್ಲಿಸಿದರು. ಬೊಕ್ಕಸಕ್ಕೆ ಆದ ನಷ್ಟ 16 ಸಾವಿರ ಕೋಟಿ ರೂಪಾಯಿಗೂ ಹೆಚ್ಚು ಎಂದು ಅದರಲ್ಲಿ ಅಂದಾಜಿಸಿದ್ದರು. 29ರಂದು ಸುಪ್ರೀಂ ಕೋರ್ಟ್ ಬಳ್ಳಾರಿ ಜಿಲ್ಲೆಯ ಗಣಿಗಾರಿಕೆ ನಿಲ್ಲಿಸಿತು. 31ರಂದು ಮುಖ್ಯಮಂತ್ರಿ ಬಿ.ಎಸ್. ಯಡಿಯೂರಪ್ಪನವರು ರಾಜೀನಾಮೆ ಕೊಟ್ಟರು. ಅವರ ಕುಟುಂಬದವರ ಶಿಕ್ಷಣ ಟ್ರಸ್ಟಿಗೆ ಗಣಿ ಕಂಪನಿಯೊಂದು ಕೊಟ್ಟಿದ್ದ 10 ಕೋಟಿ ರೂಪಾಯಿ ದೇಣಿಗೆಯ ಪ್ರಸ್ತಾಪ ವರದಿಯಲ್ಲಿತ್ತು. 2016ರಲ್ಲಿ ಸಿಬಿಐ ವಿಶೇಷ ನ್ಯಾಯಾಲಯ ಆ ಪ್ರಕರಣದ ಎಲ್ಲರನ್ನೂ ಖುಲಾಸೆಗೊಳಿಸಿತು. ತೀರ್ಪನ್ನು ಗೌರವಿಸೋಣ. ಆದರೆ ಅಧಿಕಾರದಲ್ಲಿರುವವರ ಟ್ರಸ್ಟಿಗೆ ಗಣಿ ಕಂಪನಿಯ ದೇಣಿಗೆ ಏಕೆ ಬರಬೇಕು ಎಂದು ಕೇಳುವ ಹಕ್ಕು ನಮ್ಮಲ್ಲೇ ಉಳಿದಿದೆ. ನಮ್ಮ ಸಮಾಜದ ನಾಯಕರು ಎಂಬ ಕಾರಣಕ್ಕೆ ಆ ಪ್ರಶ್ನೆಯನ್ನು ನುಂಗಿಕೊಳ್ಳುವುದು ಬಸವತತ್ವಕ್ಕೆ ಒಪ್ಪುವ ಮಾತಲ್ಲ.

ದೇಶದ ಮಟ್ಟದಲ್ಲೂ ಇದೇ ಕಥೆ. ಕಂಪನಿಗಳು ಪಕ್ಷಗಳಿಗೆ ದೇಣಿಗೆ ಕೊಡುವುದನ್ನು 1969ರಲ್ಲಿ ನಿಷೇಧಿಸಲಾಯಿತು, 1985ರಲ್ಲಿ ಮತ್ತೆ ಬಿಡಲಾಯಿತು. ಹಿಂದಿನ ಮೂರು ವರ್ಷಗಳ ಸರಾಸರಿ ಲಾಭದಲ್ಲಿ ಶೇ. 7.5ಕ್ಕಿಂತ ಹೆಚ್ಚು ಕೊಡಬಾರದೆಂಬ ಮಿತಿಯನ್ನು 2017ರಲ್ಲಿ ತೆಗೆದರು. 2018ರಲ್ಲಿ ಚುನಾವಣಾ ಬಾಂಡ್ ಬಂತು. ಕೊಟ್ಟವರಾರೆಂದು ಮತದಾರನಿಗೆ ತಿಳಿಯುವಂತಿರಲಿಲ್ಲ. 2024ರ ಫೆಬ್ರವರಿ 15ರಂದು ಸುಪ್ರೀಂ ಕೋರ್ಟ್ ಅದನ್ನು ರದ್ದುಮಾಡಿ, ತಿಳಿಯುವುದು ಮತದಾರನ ಹಕ್ಕು ಎಂದಿತು. ಪಟ್ಟಿ ಹೊರಬಂದಾಗ ಮೊದಲ ಸ್ಥಾನದಲ್ಲಿದ್ದುದು 1,368 ಕೋಟಿ ರೂಪಾಯಿಯ ಬಾಂಡ್ ಕೊಂಡ ಲಾಟರಿ ಕಂಪನಿ. ಎರಡನೆಯದು 966 ಕೋಟಿ ಕೊಟ್ಟ ಹೈದರಾಬಾದಿನ ಗುತ್ತಿಗೆ ಕಂಪನಿ. ಹೆಚ್ಚಿನ ಪಾಲು ಬಿಜೆಪಿಗೆ ಹೋಗಿತ್ತು. ತೃಣಮೂಲ, ಕಾಂಗ್ರೆಸ್ ಪಕ್ಷಗಳೂ ಸಾವಿರ ಕೋಟಿ ದಾಟಿದ್ದವು.

ಕೊಟ್ಟವರು ಹೇಗೆ ವಸೂಲು ಮಾಡಿಕೊಳ್ಳಬಲ್ಲರು? ಸರ್ಕಾರಿ ಇಂಜಿನಿಯರ್ ಆಗಿ ನಿವೃತ್ತನಾದ ನನಗೆ ಅದನ್ನು ಲೆಕ್ಕದಲ್ಲಿ ಹೇಳುವುದೇ ಸುಲಭ. ಒಂದು ಕಿಲೋಮೀಟರ್ ಹಳ್ಳಿ ರಸ್ತೆ, ಅಗಲ 3.75 ಮೀಟರ್ ಎಂದಿಟ್ಟುಕೊಳ್ಳಿ. ಡಾಂಬರು ಪದರ 30 ಮಿ.ಮೀ. ಇರಬೇಕಾದಲ್ಲಿ 20 ಮಿ.ಮೀ. ಹಾಕಿದರೆ 37.5 ಘನ ಮೀಟರ್ ಮಾಲು ರಸ್ತೆಗೆ ಬೀಳುವುದೇ ಇಲ್ಲ. ಅಳತೆ ಪುಸ್ತಕದಲ್ಲಿ ಮಾತ್ರ ಇರುತ್ತದೆ. ಎರಡನೇ ಮಳೆಗಾಲಕ್ಕೆ ಗುಂಡಿ ಬೀಳುತ್ತದೆ, ಬಾಣಂತಿಯನ್ನು ಕರೆತರುವ ಆಟೋ ಅದರಲ್ಲಿ ಕುಲುಕುತ್ತದೆ. ವಿಧಾನಸಭೆ ಅಭ್ಯರ್ಥಿಯ ವೆಚ್ಚಕ್ಕೆ 40 ಲಕ್ಷ ರೂಪಾಯಿಯ ಮಿತಿಯಿದೆ, ಪಕ್ಷದ ವೆಚ್ಚಕ್ಕೆ ಮಿತಿಯೇ ಇಲ್ಲ. ಆ ಬಿಲ್ಲಿನ ಒಂದು ಭಾಗವನ್ನು ನಾವು ಗುಂಡಿಗಳ ರೂಪದಲ್ಲಿ ಕಟ್ಟುತ್ತಿದ್ದೇವೆ.

2021ರಲ್ಲಿ ರಾಜ್ಯ ಗುತ್ತಿಗೆದಾರರ ಸಂಘವೇ ಕಮಿಷನ್ ಹಾವಳಿಯ ಬಗ್ಗೆ ಪ್ರಧಾನಿಗೆ ದೂರು ಬರೆಯಿತು. ಸರ್ಕಾರ ಬದಲಾಯಿತು. 2024ರಲ್ಲಿ ವಾಲ್ಮೀಕಿ ಅಭಿವೃದ್ಧಿ ನಿಗಮದ ಹಗರಣ ಹೊರಬಂತು. ಪರಿಶಿಷ್ಟ ಪಂಗಡದವರ ಏಳಿಗೆಗೆ ಮೀಸಲಾದ ಆ ಹಣದಲ್ಲಿ ಒಂದು ಭಾಗ ಬಳ್ಳಾರಿ ಲೋಕಸಭಾ ಚುನಾವಣೆಗೆ ಬಳಕೆಯಾಯಿತೆಂದು ಜಾರಿ ನಿರ್ದೇಶನಾಲಯ ಆರೋಪಿಸಿದೆ. ಆರೋಪ ಇನ್ನೂ ಸಾಬೀತಾಗಬೇಕು. ಕೂಡ್ಲಿಗಿ, ಹಗರಿಬೊಮ್ಮನಹಳ್ಳಿ, ಹಡಗಲಿ ಆ ಕ್ಷೇತ್ರದೊಳಗೇ ಇವೆ ಎಂಬುದನ್ನು ಮಾತ್ರ ಮರೆಯಬಾರದು.

ಈಗ ನಮ್ಮ ಮನೆಯ ಮಾತು. ಚುನಾವಣೆ ಹತ್ತಿರವಾದಂತೆ ಮಠದ ಮಹಾದ್ವಾರಕ್ಕೆ, ಕಲ್ಯಾಣ ಮಂಟಪಕ್ಕೆ, ಸಾಮೂಹಿಕ ವಿವಾಹಕ್ಕೆ ಉದಾರಿಗಳು ಹೆಚ್ಚುತ್ತಾರೆ. ಫ್ಲೆಕ್ಸಿನಲ್ಲಿ ಪೂಜ್ಯರ ಭಾವಚಿತ್ರದ ಪಕ್ಕ ದಾನಿಯ ಭಾವಚಿತ್ರ ಏರುತ್ತದೆ. ಮತಕ್ಕೆ ನೇರವಾಗಿ ಹಣ ಹಂಚಿದರೆ ಅಪರಾಧ. ವೇದಿಕೆಯ ಮೇಲೆ ಶಾಲು ಹೊದಿಸಿಕೊಂಡು ಕೊಟ್ಟರೆ ಪುಣ್ಯವೆನಿಸುತ್ತದೆ. ನಮ್ಮ ಭಕ್ತಿಯೇ ಆ ಹಣಕ್ಕೆ ಮರೆಯಾಗುತ್ತಿದೆ.

"ಅನ್ನವಾದ ಮೇಲೆ ಹಣದ ಮೂಲ ಏಕೆ ಕೇಳಬೇಕು? ಮಕ್ಕಳ ವಸತಿ ನಿಲಯ ನಡೆಯಬೇಡವೇ?" ಎನ್ನುವವರಿದ್ದಾರೆ. ಅವರ ಕಷ್ಟ ಸುಳ್ಳಲ್ಲ. ಆದರೆ ಶರಣರು ಮೂಲವನ್ನೇ ಮೊದಲು ಕೇಳಿದರು. ಆಯ್ದಕ್ಕಿ ಮಾರಯ್ಯ ಒಂದು ದಿನ ಬೇಕಾದುದಕ್ಕಿಂತ ಹೆಚ್ಚು ಅಕ್ಕಿ ತಂದಾಗ ಅದನ್ನು ಹಿಂದಿರುಗಿಸಿ ಬನ್ನಿ ಎಂದವಳು ಲಕ್ಕಮ್ಮ. ಕಾಯಕವಿಲ್ಲದ ಗಳಿಕೆ ದಾಸೋಹಕ್ಕೆ ಸಲ್ಲದು ಎಂಬುದು ನಮ್ಮ ಧರ್ಮದ ಬುಡ. ಕೊಟ್ಟೂರಿನ ತೇರಿಗೆ ನಡೆದು ಬರುವ ಪಾದಯಾತ್ರಿಗಳಿಗೆ ದಾರಿಯುದ್ದಕ್ಕೂ ಊಟ, ನೀರು ಕೊಡುವ ಭಕ್ತರನ್ನು ನೋಡಿ. ಹಳ್ಳಿಗಳ ಕಾಳು ಕಡಿಯಿಂದಲೇ ನಮ್ಮ ಎಷ್ಟೋ ಉಚಿತ ಪ್ರಸಾದ ನಿಲಯಗಳು ಎದ್ದು ನಿಂತವು.

ಆದ್ದರಿಂದ ಐದೂ ತಾಲ್ಲೂಕುಗಳ ಮಠಗಳ ಪೂಜ್ಯರಲ್ಲಿ, ಭಕ್ತ ಮಂಡಳಿಗಳಲ್ಲಿ ಮೂರು ಬಿನ್ನಹ. ಒಂದು, ಪ್ರತಿ ವರ್ಷದ ಜಮಾ ಖರ್ಚನ್ನು, ದೊಡ್ಡ ದಾನಿಗಳ ಹೆಸರು, ಮೊತ್ತ ಸಹಿತ, ಪ್ರಸಾದ ನಿಲಯದ ಗೋಡೆಯ ಮೇಲೆ ಎಲ್ಲರೂ ಓದುವಂತೆ ಹಾಕಬೇಕು. ಎರಡು, ಯಾವುದೇ ಚುನಾವಣೆಗೆ ಮುಂಚಿನ ಆರು ತಿಂಗಳು ಅಭ್ಯರ್ಥಿಗಳಿಂದ, ಟಿಕೆಟ್ ಆಕಾಂಕ್ಷಿಗಳಿಂದ, ಅವರ ಪರವಾಗಿ ಬರುವ ಗುತ್ತಿಗೆದಾರರಿಂದ, ಗಣಿ ಮಾಲೀಕರಿಂದ ದಾನ ಸ್ವೀಕರಿಸಬಾರದು. ಮೂರು, ಕೊಟ್ಟ ಹಣದ ಅಳತೆಯಲ್ಲಿ ವೇದಿಕೆಯ ಆಸನ, ಸನ್ಮಾನ ಹಂಚುವುದನ್ನು ನಿಲ್ಲಿಸಬೇಕು.

ಲೆಕ್ಕ ಕೇಳಿದರೆ ಮಠಕ್ಕೆ ಅಪಮಾನ ಎನ್ನುವವರಿಗೆ ಬಸವಣ್ಣನವರನ್ನೇ ನೆನಪಿಸಬೇಕಾಗುತ್ತದೆ. ಅವರು ಬಿಜ್ಜಳನ ಭಂಡಾರಿಯಾಗಿದ್ದವರು. ಭಂಡಾರದ ಹಣ ಜಂಗಮರಿಗೆ ಹೋಗುತ್ತಿದೆ ಎಂಬ ದೂರು ಬಂದಾಗ ಅವರು ಲೆಕ್ಕ ಒಪ್ಪಿಸಿದರು, ಒಂದು ಹಣವೂ ಕಡಿಮೆ ಬೀಳಲಿಲ್ಲ ಎಂದು ನಮ್ಮ ಪರಂಪರೆ ಹೇಳುತ್ತದೆ. ಮೊದಲು ನಮ್ಮ ಮಠಗಳ ಗೋಡೆಯ ಮೇಲೆ ಲೆಕ್ಕ ಏರಲಿ. ಆಮೇಲೆ ಮತ ಕೇಳಲು ಬಂದವರನ್ನು ಅದೇ ಗೋಡೆಯ ಮುಂದೆ ನಿಲ್ಲಿಸಿ, "ನಿಮ್ಮ ಪಕ್ಷದ್ದು ಎಲ್ಲಿದೆ?" ಎಂದು ಕೇಳೋಣ.