ಹಳೆಯ ಗಾಡಿಗೆ ತಕ್ಕ ಎಣ್ಣೆ

ತಂದೆ ಓಡಿಸಿದ ಯೆಜ್ಡಿಯನ್ನು ಮಗನು ಮತ್ತೆ ರಸ್ತೆಗಿಳಿಸಬಯಸಿದಾಗ ಮೊದಲು ಏಳುವ ಪ್ರಶ್ನೆ ಎಣ್ಣೆಯದು. ಬೆಲೆ ಹೆಚ್ಚಾದುದೇ ಉತ್ತಮವೆಂದು ವಿಜಯಪುರದ ಅಂಗಡಿಯಿಂದ ಕಾರಿನ ಎಣ್ಣೆಯನ್ನು ಕೊಂಡೊಯ್ಯುವುದು ಪ್ರಮಾದ.

1996ರಲ್ಲಿ ಮುಚ್ಚಿದ ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆಯ ಈ ಗಾಡಿಗಳು ಟೂ-ಸ್ಟ್ರೋಕ್ ಜಾತಿಯವು. ಪೆಟ್ರೋಲಿನೊಡನೆ ಬೆರೆಸಿದ ಟೂ-ಸ್ಟ್ರೋಕ್ ಎಣ್ಣೆಯೇ ಇವುಗಳ ಪಿಸ್ಟನ್ನಿಗೆ ಜೀವಾಳ. ಪ್ರಮಾಣವು ಕೈಪಿಡಿಯಲ್ಲಿದ್ದಂತೆ ಇರತಕ್ಕದ್ದು. ಹೆಚ್ಚಾದರೆ ಹೊಗೆ, ಮಸಿ. ಕಡಿಮೆಯಾದರೆ ಬೇಸಿಗೆಯ ಬಿಸಿಲಿನಲ್ಲಿ ತಿಕೋಟಾ ಮುಟ್ಟುವ ಮೊದಲೇ ಪಿಸ್ಟನ್ ಕಚ್ಚಿಕೊಂಡು, ಹಿಂದಿನ ಚಕ್ರ ತಟ್ಟನೆ ನಿಂತು, ಸವಾರನು ಬಿದ್ದಾನು.

ಗೇರು ಪೆಟ್ಟಿಗೆಯ ಎಣ್ಣೆ ಬೇರೆ. ಕ್ಲಚ್ಚಿನ ಬಿಲ್ಲೆಗಳು ಅದರಲ್ಲಿಯೇ ನೆನೆದಿರುತ್ತವೆ. ಘರ್ಷಣೆ ತಗ್ಗಿಸುವ ದ್ರವ್ಯವುಳ್ಳ ಕಾರಿನ ಎಣ್ಣೆ ಸೇರಿದರೆ ಬಿಲ್ಲೆಗಳು ಜಾರಿ, ಎಂಜಿನ್ ಎಷ್ಟು ಮೊರೆದರೂ ಗಾಡಿ ದಿನ್ನೆಯನ್ನೇರದು. ಡಬ್ಬಿಯ ಮೇಲಿನ ‘ಜಾಸೋ ಎಂಎ’ ಗುರುತು ಒದ್ದೆ ಕ್ಲಚ್ಚಿಗೆ ಒಪ್ಪುವ ಎಣ್ಣೆಯದು. ಅದರ ದಪ್ಪವನ್ನು ಕೈಪಿಡಿಯಂತೆ ಆರಿಸಬೇಕು.

ನೆರೆಮನೆಯ ಬುಲೆಟ್ಟಿನ ಪದ್ಧತಿ ಇಲ್ಲಿ ಸಲ್ಲದು. ಅದು ಫೋರ್-ಸ್ಟ್ರೋಕ್, ಅದರ ಪೆಟ್ರೋಲಿಗೆ ಎಣ್ಣೆ ಬೆರೆಸುವುದಿಲ್ಲ.

ಬಬಲೇಶ್ವರಕ್ಕೆ ಹೋಗಿಬರುವ ಯೆಜ್ಡಿ ಸವಾರರು ಎಣ್ಣೆಯ ಸೀಸೆಯನ್ನೂ ಅಳತೆಯ ಬಟ್ಟಲನ್ನೂ ಜೊತೆಗೊಯ್ಯುವುದು ಲೇಸು. ದಾರಿಯಲ್ಲಿ ಬರಿಯ ಪೆಟ್ರೋಲು ತುಂಬಿಸಿ ಮುಂದೆ ಸಾಗಿದರೆ, ಉಳಿಸಿದ ಐದು ನಿಮಿಷಕ್ಕೆ ಎಂಜಿನ್ನನ್ನೇ ತೆರಬೇಕಾದೀತು.