ಸೊನ್ನೆಯೊಂದು ಸಾಕು
ಆಳಂದ, ಅಫಜಲಪುರ, ಜೇವರ್ಗಿಯಲ್ಲಿ ಪಹಣಿಗೆಂದು ನಾಡಕಚೇರಿಗೆ ಬಂದವರು ‘ಸರ್ವರ್ ಡೌನ್’ ಎಂಬ ಮಾತು ಕೇಳಿ ಮರಳಿದರೆ ಅಂದಿನ ಕೂಲಿಯೂ ಹೋಯಿತು, ಬಸ್ ಚಾರ್ಜೂ ಹೋಯಿತು. ಕಾರಣ ಹಲವಿರಬಹುದು, ಒಂದು ತಪ್ಪು ಸೆಟ್ಟಿಂಗೂ ಸಾಕು. ಆಪರೇಟಿಂಗ್ ಸಿಸ್ಟಂನ ತಿರುಳಾದ ಕರ್ನಲ್‌ನ ನೆಟ್‌ವರ್ಕ್ ಭಾಗದಲ್ಲಿ ಭಾಜಕವಾಗುವ ಬೆಲೆಗೆ ಯಾರೋ ಸೊನ್ನೆ ತುಂಬುತ್ತಾರೆ; ಅದನ್ನು ಬಾಗಿಲಲ್ಲೇ ತಿರಸ್ಕರಿಸುವ ಸಾಲು ಕೋಡ್‌ನಲ್ಲಿ ಇಲ್ಲದಿದ್ದರೆ ಇಡೀ ಯಂತ್ರವೇ ಕುಸಿಯಬಹುದು. ತಪಾಸಣೆ ತಪ್ಪಿದರೆ ಏನಾಗುತ್ತದೆ ಎಂಬುದಕ್ಕೆ ಉದಾಹರಣೆಯೂ ಇದೆ: 2024ರ ಜುಲೈ 19ರಂದು ಭದ್ರತಾ ತಂತ್ರಾಂಶ ಕಂಪನಿ ಕ್ರೌಡ್‌ಸ್ಟ್ರೈಕ್ ಕಳಿಸಿದ ಕಡತ 21 ಮೌಲ್ಯ ಬೇಡಿತು, ಕೋಡ್ ಒದಗಿಸಿದ್ದು 20. ತಪಾಸಣೆಯ ತಂತ್ರಾಂಶದಲ್ಲೇ ದೋಷವಿತ್ತು, ಅದು ಈ ವ್ಯತ್ಯಾಸವನ್ನು ಹಿಡಿಯಲಿಲ್ಲ. ಸುಮಾರು 85 ಲಕ್ಷ ವಿಂಡೋಸ್ ಯಂತ್ರಗಳು ನಿಂತವು. ಬೆಂಗಳೂರು ವಿಮಾನ ನಿಲ್ದಾಣದಲ್ಲೂ ಚೆಕ್-ಇನ್ ಕೈಯಿಂದಲೇ ನಡೆಯಿತು. ಸರ್ಕಾರಕ್ಕೆ ತಂತ್ರಾಂಶ ಕೊಳ್ಳುವವರು ಟೆಂಡರ್‌ನಲ್ಲೇ ಕೇಳಲಿ: ಸೊನ್ನೆ, ಋಣಸಂಖ್ಯೆ, ಖಾಲಿ ಜಾಗ ತುಂಬಿ ಪರೀಕ್ಷಿಸಿದ್ದೀರಾ?